ಅಂತ್ಯವನ್ನು ಬಲ್ಲ ದನಿ

ಪತ್ತೇದಾರಿ ಕಾದಂಬರಿಯನ್ನು ಕೇಳುಪುಸ್ತಕಕ್ಕಾಗಿ ಓದುವವರಿಗೆ ಎಲ್ಲವೂ ಮೊದಲೇ ತಿಳಿದಿರುತ್ತದೆ. ಕೊಲೆಗಾರನ ಮೊದಲ ಮಾತನ್ನು ಉಚ್ಚರಿಸುವಾಗಲೇ ಅವನಾರೆಂದು ಅವರು ಬಲ್ಲರು. ಕೇಳುವ ನಾವು ಅರಿಯೆವು. ತಿಳಿದೂ ತಿಳಿಯದಂತೆ ನುಡಿಯುವ ಈ ದನಿಯನ್ನು ಪ್ರಾಮಾಣಿಕವೆನ್ನಬಹುದೇ?

ಈ ಪ್ರಶ್ನೆಗೆ ಕೇಳುಪುಸ್ತಕದಷ್ಟೇ ವಯಸ್ಸಾಗಿದೆ. 1935ರಲ್ಲಿ ಬ್ರಿಟನ್ನಿನಲ್ಲಿ ಅಂಧರಿಗಾಗಿ ‘ಮಾತನಾಡುವ ಪುಸ್ತಕ’ಗಳು ಆರಂಭವಾದಾಗ ಮೊದಲು ಹೊರಬಂದವುಗಳಲ್ಲಿ ಅಗಾಥಾ ಕ್ರಿಸ್ಟಿಯವರ 1926ರ ಕಾದಂಬರಿ ‘ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಒಂದಾಗಿತ್ತು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷಗಳ ಓದು. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಯೋಧರನ್ನೂ ನೆನೆದು ರೂಪಿಸಿದ ಯೋಜನೆಯದು. ಹಿಂದಿನ ಪುಟವನ್ನು ತಿರುವಿ ನೋಡಲಾರದ ಅವರಿಗೆ ದನಿಯೇ ಪುಟ, ದನಿಯೇ ಸಾಕ್ಷಿ.

ಅಚ್ಚಿನ ಅಕ್ಷರಕ್ಕೆ ಮುಖಭಾವವಿಲ್ಲ, ದನಿಗೆ ಉಂಟು. ಅರೆಗಳಿಗೆಯ ತಡವರಿಕೆ, ತುಸು ತಗ್ಗಿದ ಸ್ವರ ಸಾಕು, ಲೇಖಕರು ಕಾಪಾಡಿದ ಗುಟ್ಟು ಬಯಲಾಗುತ್ತದೆ. ಹಾಗಾಗದಿರಲೆಂದು ನಿರಪರಾಧಿಯ ಮಾತಿಗೆ ಬೇಕೆಂದೇ ಕಪಟದ ಬಣ್ಣ ಬಳಿದರೆ ಅದು ಸುಳ್ಳುಸಾಕ್ಷ್ಯವಾಗುತ್ತದೆ. ಇದ್ದುದನ್ನು ಹೇಳದಿರುವುದಕ್ಕೂ ಇಲ್ಲದ್ದನ್ನು ಹೇಳುವುದಕ್ಕೂ ಇರುವ ಅಂತರವೇ ಇಲ್ಲಿಯ ಧರ್ಮಸೂಕ್ಷ್ಮ.

ಕಾಸರಗೋಡಿನವರಾದ ನಮಗೆ ಈ ಸೂಕ್ಷ್ಮವನ್ನು ಕಲಿಸಿದ್ದು ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಆಡುವ ಮಾತೇ ಪಾತ್ರ. ಕೌರವನ ತೊಡೆ ಮುರಿಯಲಿದೆಯೆಂದು ಅರ್ಥಧಾರಿಗೂ ಗೊತ್ತು, ಸಭೆಗೂ ಗೊತ್ತು. ಆದರೂ ಸಂಧಾನದ ಪ್ರಸಂಗದಲ್ಲಿ ಒಳ್ಳೆಯ ಅರ್ಥಧಾರಿ ಕೌರವನ ವಾದವನ್ನು ಸೊರಗಿಸುವುದಿಲ್ಲ. ಸೋಲಲಿರುವವನಿಗೂ ಆ ಹೊತ್ತಿನ ನ್ಯಾಯವನ್ನು ಸಲ್ಲಿಸುತ್ತಾನೆ. ಕೇಳುಪುಸ್ತಕದಲ್ಲಿ ಅಂತ್ಯವನ್ನು ಬಲ್ಲವರು ಓದುವವರೊಬ್ಬರೇ. ಆದ್ದರಿಂದ ಅವರ ಹೊಣೆ ಇನ್ನೂ ಹಿರಿದು.

ಮತ್ತೊಂದು ಸಂಗತಿ ನಮ್ಮನ್ನು ನೇರವಾಗಿ ತಟ್ಟುತ್ತದೆ. ಪಾತ್ರಗಳನ್ನು ಬೇರ್ಪಡಿಸಲು ಓದುವವರು ಬೇರೆಬೇರೆ ಸೀಮೆಯ ಉಚ್ಚಾರಣೆಗಳನ್ನು ಬಳಸುವುದುಂಟು. ಪತ್ತೇದಾರನಿಗೆ ಗ್ರಂಥಸ್ಥ ಕನ್ನಡ, ಸಂಶಯಕ್ಕೊಳಗಾದ ಆಳಿಗೆ ಗಡಿನಾಡ ಕನ್ನಡ ಎಂದು ಹಂಚಿದರೆ ಲೇಖಕರು ಬರೆಯದ ಆರೋಪವೊಂದು ಕಥೆಯೊಳಗೆ ನುಸುಳುತ್ತದೆ. ಗಡಿಯವನೇ ಅಪರಾಧಿಯೆಂದು ಬರೆದಿದ್ದರೆ ಹಾಗೆಯೇ ಓದಲಿ. ನಮಗೆ ವಿನಾಯಿತಿ ಬೇಡ. ಆದರೆ ಮಲಯಾಳದ ರಾಗ ಬೆರೆತ ಅಜ್ಜಿಯ ಮಾತನ್ನು ನಮ್ಮ ಮಕ್ಕಳು ಪುಸ್ತಕದೊಳಗೆ ಕಳ್ಳನ ಬಾಯಲ್ಲಿ ಮಾತ್ರ ಕೇಳುತ್ತ ಬೆಳೆದರೆ, ಅಜ್ಜಿಯೆದುರು ಬಾಯಿ ತೆರೆಯಲೂ ನಾಚಿಯಾರು.

ಕಣ್ಣು ಮಂಜಾದ ಹಿರಿಯರಿಗೆ ಓದಿ ಹೇಳುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರಲ್ಲಿ ನಮ್ಮ ಅರಿಕೆ ಇಷ್ಟೇ: ಕೊನೆಯ ಪುಟ ಬರುವವರೆಗೆ ಯಾರನ್ನೂ ದನಿಯಿಂದ ಶಿಕ್ಷಿಸದಿರೋಣ. ಅಕ್ರಾಯ್ಡನನ್ನು ಕೊಂದವರಾರೆಂದು ನಾವೂ ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳುವ ಸುಖ ಕೇಳುವವರ ಪಾಲು.