ಒಂದೇ ಒಲೆಯ ಮುಂದೆ ಇಬ್ಬರು



ಮರಣವನ್ನು ಜಯಿಸಿ ಎದ್ದ ಪ್ರಭು ಯೇಸು ಮಾಡಿದ ಒಂದು ಕೆಲಸ ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ಅವರು ಅಡುಗೆ ಮಾಡಿದರು! ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ತೆರೆದು ನೋಡಿ. ರಾತ್ರಿಯಿಡೀ ಸರೋವರದಲ್ಲಿ ದುಡಿದು ಸುಸ್ತಾದ ಶಿಷ್ಯರು ಬೆಳಗಿನ ಹೊತ್ತು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಮೇಲೆ ಮೀನು ಬೇಯುತ್ತಿತ್ತು, ರೊಟ್ಟಿಯೂ ಸಿದ್ಧವಾಗಿತ್ತು. ಪ್ರಭು ಅವರನ್ನು ಕರೆದು ತಾವೇ ಬಡಿಸಿದರು. ತಮ್ಮನ್ನು ಮೂರು ಸಲ ನಿರಾಕರಿಸಿದ್ದ ಪೇತ್ರನೊಡನೆ ಪ್ರೀತಿಯ ಕುರಿತು ಮೂರು ಸಲ ಕೇಳಿದ್ದು ಊಟವಾದ ಮೇಲೆಯೇ. ಮೊದಲು ಅನ್ನ, ಆಮೇಲೆ ಕಷ್ಟದ ಮಾತು. ಕುಟುಂಬ ಜೀವನ ನಡೆಸುವ ಎಲ್ಲರೂ ಕಲಿಯಬೇಕಾದ ಕ್ರಮವಿದು.

ನಮ್ಮ ಪುತ್ತಿಗೆಯ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಇಂಥ ಮನೆ ಮೂಡುಬಿದಿರೆ, ಅಲಂಗಾರು, ಹೊಸಬೆಟ್ಟು, ಶಿರ್ತಾಡಿ ಎಲ್ಲಿಯೂ ಇರಬಹುದು. ಗಂಡನಿಗೆ ಅಂಗಳದ ಬದಿಯ ಮಲ್ಲಿಗೆ ಗಿಡಗಳ ಹುಚ್ಚು. ಹೆಂಡತಿಗೆ ಹೊಲಿಗೆ ಮೆಷಿನಿನ ಮೇಲೆ ಪ್ರೀತಿ. ಶನಿವಾರ ಸಂಜೆ ಒಬ್ಬರು ತೆಂಗಿನಕಾಯಿ ತುರಿದರೆ ಇನ್ನೊಬ್ಬರು ಅಕ್ಕಿ ಕಡೆಯುತ್ತಾರೆ. ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಸನ್ನಾ ಬೇಯುತ್ತದೆ. ಬಫಾದಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡುವ ನೆಪದಲ್ಲಿ ಗಂಡ ಎರಡು ಸಲ ಪಾತ್ರೆಗೆ ಸೌಟು ಹಾಕಿದ್ದಕ್ಕೆ ಹೆಂಡತಿಯ ಹುಸಿ ಬೈಗುಳ. ಸಂಜೆ ಮೊಮ್ಮಕ್ಕಳ ಫೋನು, ಆಮೇಲೆ ಜಪಸರ. ಇಷ್ಟೇ ಅವರ ದಿನ.

ಇದರಲ್ಲಿ ಏನು ವಿಶೇಷ, ಇದಕ್ಕೂ ಆತ್ಮದ ರಕ್ಷಣೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಮ್ಮ ಲತೀನ್ ಪರಂಪರೆಯ ಬೋಧನೆಯಂತೆ ವಿವಾಹ ಸಂಸ್ಕಾರವನ್ನು ನೀಡುವವರು ಗುರುಗಳಲ್ಲ. ವಧೂವರರೇ ಪರಸ್ಪರ ನೀಡಿಕೊಳ್ಳುತ್ತಾರೆ. ಗುರು ಧರ್ಮಸಭೆಯ ಹೆಸರಿನಲ್ಲಿ ಸಾಕ್ಷಿಯಾಗಿ ನಿಲ್ಲುತ್ತಾನೆ, ಆಶೀರ್ವದಿಸುತ್ತಾನೆ. ದೇವಾಲಯದಲ್ಲಿ ನಮ್ಮ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ನಿಮ್ಮದು ಅಂದು ಆರಂಭವಾಗುತ್ತದೆ. ಪೀಠದ ಮುಂದೆ ಒಂದು ಸಲ ಕೊಟ್ಟ ಮಾತನ್ನು ಅಡುಗೆಮನೆಯಲ್ಲಿ, ಅಂಗಳದಲ್ಲಿ, ಊಟದ ಮೇಜಿನಲ್ಲಿ ದಿನವೂ ಕೊಡುತ್ತಾ ಇರಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆಯಿತು. ಮನೆಯೇ ಸಭೆಯಾದರೆ ಅಲ್ಲಿಯ ಮೇಜಿಗೂ ಒಂದು ಗೌರವವಿರಬೇಡವೇ?

ಈಗ ಇನ್ನೊಂದು ಮನೆಯನ್ನು ನೋಡೋಣ. ಅಲ್ಲಿ ಜಗಳವಿಲ್ಲ, ಕುಡಿತವಿಲ್ಲ. ಭಾನುವಾರದ ಪೂಜೆ ತಪ್ಪುವುದಿಲ್ಲ. ಮಕ್ಕಳ ಫೀಸು, ಸಾಲದ ಕಂತು ಎಲ್ಲವೂ ಸರಿಯಾದ ಹೊತ್ತಿಗೆ. ಆದರೆ ಗಂಡ ಟಿವಿಯ ಮುಂದೆ ಊಟ ಮುಗಿಸುತ್ತಾನೆ. ಮಗ ಮೊಬೈಲ್ ನೋಡುತ್ತಾ ಕೋಣೆಯಲ್ಲಿ ತಿನ್ನುತ್ತಾನೆ. ಎಲ್ಲರದೂ ಆದ ಮೇಲೆ ಹೆಂಡತಿ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ಉಣ್ಣುತ್ತಾಳೆ. ಈ ಮನೆ ಮುರಿದಿದೆ ಎಂದು ಯಾರೂ ಹೇಳುವುದಿಲ್ಲ. ಅಪಾಯ ಇರುವುದೂ ಅಲ್ಲಿಯೇ. ಕರ್ತವ್ಯಗಳೆಲ್ಲ ನಡೆಯುತ್ತಿವೆ, ಜೊತೆ ಮಾತ್ರ ಇಲ್ಲ. ಗೆದ್ದಲು ಹಿಡಿದ ಜಂತಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಬರೆದ ‘ಸುಮ್ಮಾ ಕೊಂತ್ರಾ ಜೆಂತಿಲೆಸ್’ ಗ್ರಂಥದ ಮೂರನೇ ಭಾಗದಲ್ಲಿ ಗಂಡ ಹೆಂಡಿರ ನಡುವಿನ ಸ್ನೇಹವನ್ನು ಅತ್ಯಂತ ದೊಡ್ಡ ಸ್ನೇಹವೆಂದು ಎಣಿಸುತ್ತಾರೆ. ಅದಕ್ಕೆ ಅವರು ಕೊಡುವ ಕಾರಣವನ್ನು ಗಮನಿಸಿ: ಈ ಇಬ್ಬರು ಒಂದಾಗುವುದು ದೇಹದಲ್ಲಿ ಮಾತ್ರವಲ್ಲ, ಮನೆಯ ಇಡೀ ಬದುಕಿನ ಹಂಚಿಕೆಯಲ್ಲಿ. ಸನ್ಯಾಸಿಯಾಗಿದ್ದ ಒಬ್ಬ ಮಹಾ ಪಂಡಿತ ಮನೆವಾರ್ತೆಯ ಸಾಮಾನ್ಯ ದಿನಗಳನ್ನು ಇಷ್ಟು ಎತ್ತರದಲ್ಲಿ ಇಟ್ಟರು. ಸ್ನೇಹವಾದರೋ ಆಜ್ಞೆಯಿಂದ ಬೆಳೆಯುವುದಿಲ್ಲ. ಜೊತೆಯಲ್ಲಿ ಕಳೆದ ಹೊತ್ತಿನಿಂದ ಬೆಳೆಯುತ್ತದೆ. ಆ ಹೊತ್ತು ಇಲ್ಲದಿದ್ದರೆ ಗಂಡ ಹೆಂಡಿರು ಒಂದೇ ಸೂರಿನ ಕೆಳಗಿನ ಇಬ್ಬರು ಸಹೋದ್ಯೋಗಿಗಳಾಗುತ್ತಾರೆ.

ಹವ್ಯಾಸ, ವಿನೋದ ಎಂದರೆ ಸಮಯ ಹಾಳು ಎನ್ನುವವರಿಗೂ ಅದೇ ಸಂತರಲ್ಲಿ ಉತ್ತರವಿದೆ. ‘ಸುಮ್ಮಾ ಥಿಯೊಲೊಜಿಯೆ’ಯಲ್ಲಿ ಅವರು ಒಂದು ಹಳೆಯ ಕತೆಯನ್ನು ನೆನಪಿಸುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರಿಗೆ ಬೇಸರವಾಯಿತಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣಗಳನ್ನು ಒಂದರ ಮೇಲೊಂದು ಬಿಡುವಂತೆ ಹೇಳಿದರು. ಬಿಡುವಿಲ್ಲದೆ ಹೀಗೆಯೇ ಮಾಡಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿದೀತು ಎಂದ. ಸದಾ ಬಿಗಿದ ಮನಸ್ಸಿನ ಗತಿಯೂ ಅದೇ ಎಂದರು ಯೊವಾನ್ನರು. ಆತ್ಮಕ್ಕೂ ವಿಶ್ರಾಂತಿ ಬೇಕು, ಮಿತವಾದ ವಿನೋದ ಒಂದು ಸದ್ಗುಣವೇ ಎಂಬುದು ಅಕ್ವಿನಾಸರ ಬೋಧನೆ.

ನಮ್ಮ ನೆರೆಯ ಜೈನ ಬಂಧುಗಳಿಗೂ ಈ ವಿಚಾರ ಹೊಸದಲ್ಲ. 16ನೇ ಶತಮಾನದಲ್ಲಿ ನಮ್ಮ ಮೂಡುಬಿದಿರೆಯ ಕವಿ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಬರೆದ. ಮನೆ, ಮಡದಿಯರು, ಊಟ, ಸಂಗೀತಗಳ ನಡುವೆಯೇ ಇದ್ದು ಯೋಗಿಯಾಗಿ ಬಾಳಿದ ಭರತ ಚಕ್ರವರ್ತಿಯ ಚಿತ್ರ ಅಲ್ಲಿದೆ. ನಮ್ಮ ಶ್ರದ್ಧೆಯ ದಾರಿ ಬೇರೆ. ದಾಂಪತ್ಯವೆಂದರೆ ನಮಗೆ ಒಬ್ಬ ಗಂಡ, ಒಬ್ಬ ಹೆಂಡತಿ. ಆದರೂ ಸುಖದ ನಡುವೆ ದೇವರನ್ನು ಮರೆಯದೆ ಇರುವುದು ಸುಖವನ್ನು ಬಿಟ್ಟು ಓಡುವುದಕ್ಕಿಂತ ಸುಲಭವೇನಲ್ಲ ಎಂಬುದನ್ನು ಈ ಮಣ್ಣು ಬಹು ಹಿಂದೆಯೇ ಬಲ್ಲದು. ಪವಿತ್ರ ಗ್ರಂಥದ ಉಪದೇಶಕನೂ 9ನೇ ಅಧ್ಯಾಯದಲ್ಲಿ ಇದನ್ನೇ ಕಲಿಸುತ್ತಾನೆ: ಸಂತೋಷದಿಂದ ಉಣ್ಣುವುದು, ಪ್ರೀತಿಯ ಮಡದಿಯೊಡನೆ ನಲಿದು ಬಾಳುವುದು ದೇವರು ಕೊಟ್ಟ ಪಾಲು.

ಇದು ಬರಿಯ ಮಾತಲ್ಲ ಎಂಬುದಕ್ಕೆ ಧರ್ಮಸಭೆ ನಮ್ಮ ಕಾಲದಲ್ಲಿ ಒಂದು ದಂಪತಿಯನ್ನು ಪೀಠದ ಮೇಲೆ ನಿಲ್ಲಿಸಿದೆ. ಚಿಕ್ಕ ಪುಷ್ಪವೆಂದು ನಾವು ಕರೆಯುವ ಸಂತ ತೆರೇಜಳ ತಂದೆ ತಾಯಿ, ಲೂಯಿ ಮತ್ತು ಝೇಲಿ ಮಾರ್ಟಿನ್. ಫ್ರಾನ್ಸಿನ ಅಲೆನ್ಸೋನ್ ಊರಿನಲ್ಲಿ 1858ರಲ್ಲಿ ಅವರ ಮದುವೆಯಾಯಿತು. ಲೂಯಿ ಗಡಿಯಾರ ರಿಪೇರಿಯವರು. ಝೇಲಿ ಲೇಸು ಹೆಣೆಯುವ ಉದ್ಯಮ ನಡೆಸುತ್ತಿದ್ದರು. ಲೂಯಿಗೆ ಗಾಳ ಹಾಕಿ ಮೀನು ಹಿಡಿಯುವುದೆಂದರೆ ಪ್ರಾಣ. ಹಿಡಿದ ಮೀನಿನಲ್ಲಿ ಪಾಲನ್ನು ಊರಿನ ಕ್ಲಾರಾ ಸನ್ಯಾಸಿನಿಯರ ಮಠಕ್ಕೆ ಕೊಡುತ್ತಿದ್ದರು. ಹೆಂಡತಿಯ ಉದ್ಯಮ ಬೆಳೆದಾಗ ಅವರು 1870ರಲ್ಲಿ ತಮ್ಮ ಗಡಿಯಾರದ ಅಂಗಡಿಯನ್ನು ಬಿಟ್ಟುಕೊಟ್ಟು ಆಕೆಯ ಕೆಲಸಕ್ಕೆ ಹೆಗಲು ಕೊಟ್ಟರು. ಗಂಡಸಿನ ಮರ್ಯಾದೆ ಎಲ್ಲಿ ಹೋಯಿತು ಎಂದು ಅವರು ಕೇಳಲಿಲ್ಲ. ಹುಟ್ಟಿದ 9 ಮಕ್ಕಳಲ್ಲಿ 4 ಮಕ್ಕಳನ್ನು ಮಣ್ಣಿಗೆ ಕೊಟ್ಟ ಮನೆ ಅದು. ಝೇಲಿ 1877ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಸಂತೋಷ ಕಷ್ಟ ಕಾಣದವರ ಸಂತೋಷವಾಗಿರಲಿಲ್ಲ. ಉಳಿದಿರುವ ಆಕೆಯ 200ಕ್ಕೂ ಹೆಚ್ಚು ಪತ್ರಗಳಲ್ಲಿ ಮಕ್ಕಳ ಜ್ವರ, ಲೇಸಿನ ವ್ಯಾಪಾರ, ಮನೆಯ ನಗು ಎಲ್ಲವೂ ಇವೆ. ಜಗದ್ಗುರು ಫ್ರಾನ್ಸಿಸರು 2015ರ ಅಕ್ಟೋಬರ್ 18ರಂದು ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು.

ಅದೇ ಜಗದ್ಗುರುಗಳು 2016ರಲ್ಲಿ ಹೊರಡಿಸಿದ ‘ಅಮೋರಿಸ್ ಲೆತೀಸಿಯಾ’ ಎಂಬ ಬೋಧನಾ ಪತ್ರದಲ್ಲಿ ಅಡುಗೆಯ ವಿಷಯವೂ ಬರುತ್ತದೆ! ಇನ್ನೊಬ್ಬರಿಗೆ ಸಂತೋಷ ಕೊಡುವುದರಲ್ಲಿರುವ ಸಂತೋಷಕ್ಕೆ ಉದಾಹರಣೆಯಾಗಿ ಅವರು ‘ಬಾಬೆತ್ತಳ ಔತಣ’ ಎಂಬ ಚಲನಚಿತ್ರದ ಅಡುಗೆಯಾಕೆಯನ್ನು ನೆನೆಯುತ್ತಾರೆ. ಹೊಸ ದಂಪತಿಗಳಿಗೆ ಅವರು ಹೇಳುವ ಬುದ್ಧಿಮಾತುಗಳೂ ದೊಡ್ಡ ತತ್ವಗಳಲ್ಲ: ಬೆಳಿಗ್ಗೆ ಒಂದು ಮುತ್ತು, ರಾತ್ರಿ ಒಂದು ಆಶೀರ್ವಾದ, ಮನೆಗೆ ಬರುವವರಿಗಾಗಿ ಬಾಗಿಲಲ್ಲಿ ಕಾಯುವುದು, ಜೊತೆಯಾಗಿ ಒಂದು ಪ್ರಯಾಣ, ಮನೆಗೆಲಸವನ್ನು ಹಂಚಿಕೊಳ್ಳುವುದು.

ಮನೆಗೆಲಸದ ಹಂಚಿಕೆ ಎಂಬ ಮಾತನ್ನು, ಗಂಡಸರೇ, ದಯವಿಟ್ಟು ಹಾರಿಸಿ ಓದಬೇಡಿ. ಕೈಯಡುಗೆಯ ರುಚಿಯನ್ನು ಹೊಗಳುವುದು ಸುಲಭ. ಆ ರುಚಿಗಾಗಿ ಬೆಳಿಗ್ಗೆ ಐದಕ್ಕೆ ಎದ್ದವರು ಯಾರು? ಒಬ್ಬಳು ಬೆವರಿ, ಉಳಿದವರು ಉಂಡು ಏಳುವ ಮನೆಯಲ್ಲಿ ಊಟವಿದೆ, ಸಹಭೋಜನವಿಲ್ಲ. ಮಾರ್ತಳಿಗೆ ಪ್ರಭು ಅಡುಗೆ ಬೇಡವೆನ್ನಲಿಲ್ಲ. ಹಲವು ಚಿಂತೆಗಳಲ್ಲಿ ಕಳವಳಪಡಬೇಡ ಎಂದರು. ನಮ್ಮ ಮನೆಗಳಲ್ಲಿ ಆಕೆಯ ಕಳವಳ ಅರ್ಧವಾಗಬೇಕಾದರೆ ಇನ್ನೆರಡು ಕೈಗಳು ಪಾತ್ರೆ ತೊಳೆಯಬೇಕು. ಕೆಂಡದ ಮೇಲೆ ಮೀನು ಸುಟ್ಟ ಪ್ರಭುವಿನ ಶಿಷ್ಯನಿಗೆ ಅಡುಗೆಮನೆ ಅವಮಾನದ ಜಾಗವಲ್ಲ.

ನಮ್ಮ ಹಿರಿಯರು ಈ ಪಾಠವನ್ನು ಹಬ್ಬದಲ್ಲಿಯೇ ಇಟ್ಟುಹೋಗಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ 9 ದಿನ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಮೀನು ಮಾಂಸವಿಲ್ಲ. ಬಾಳೆಲೆಯ ಮೇಲೆ ಮೂರೋ ಐದೋ ಏಳೋ ಬಗೆಯ ತರಕಾರಿ. ದೂರದೇಶದಲ್ಲಿರುವವರಿಗೆ ಆ ಹೊಸ ಅಕ್ಕಿಯ ಪುಡಿಯನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವ ಪದ್ಧತಿಯೂ ನಮ್ಮಲ್ಲಿದೆ. ಒಂದು ಚಿಟಿಕೆ ಪುಡಿಯಿಂದ ಹೊಟ್ಟೆ ತುಂಬದು. ಆದರೆ ಮೇಜಿನಲ್ಲಿ ನಿನ್ನ ಜಾಗ ಹಾಗೆಯೇ ಇದೆ ಎಂಬ ಸಂದೇಶ ಅದರಲ್ಲಿರುತ್ತದೆ.

ಈ ದೂರದ ನೋವು ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳ ಗೋಡೆ ಎದ್ದದ್ದು ಗಲ್ಫಿನ ಬೆವರಿನಿಂದ. ವರ್ಷಕ್ಕೆ ಒಂದು ತಿಂಗಳ ರಜೆಯಲ್ಲಿ ಬದುಕಿದ ದಾಂಪತ್ಯಗಳು ಎಷ್ಟಿಲ್ಲ! ಆ ತ್ಯಾಗವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಕೆಲಸ ಬಿಟ್ಟು ಬಂದು ಊರಿನಲ್ಲಿ ನೆಲೆಸುವಾಗ ಒಂದು ಹೊಸ ಪರೀಕ್ಷೆ ಎದುರಾಗುತ್ತದೆ. ಮನೆ ಕಟ್ಟಿದವನಿಗೆ ಆ ಮನೆಯೊಳಗೆ ತನ್ನ ಜಾಗ ಗೊತ್ತಿಲ್ಲ; ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳಿಗೆ ಅಡ್ಡ ಬರುವ ಇನ್ನೊಬ್ಬರು ಅಭ್ಯಾಸವಿಲ್ಲ. ಅಂಥ ದಂಪತಿಗಳಿಗೆ ಹೇಳುವುದು ಇಷ್ಟೇ: ನಾಚಿಕೆಪಡಬೇಡಿ, ಸಣ್ಣದರಿಂದ ಆರಂಭಿಸಿ. ನಾಲ್ಕು ಬಸಳೆ ಬುಡ ನೆಡಿ. ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡುವಾಗ ಇಬ್ಬರೂ ಕುಳಿತು ಕಿಡಿಯೊ ಸುರುಳಿ ಮಾಡಿ. ಮೊದಲ ಸಲ ಸೊಟ್ಟಗಾದರೆ ನಕ್ಕುಬಿಡಿ. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಮಾತು ಬರುತ್ತದೆ.

ಎರಡು ಎಚ್ಚರಿಕೆಗಳು. ಮೊದಲನೆಯದು, ಹೊಡೆತ, ಕುಡಿತ, ಅವಮಾನಗಳಿರುವ ಮನೆಯಲ್ಲಿ ಜೊತೆಗೆ ಊಟ ಮಾಡಿ ಎಂಬ ಉಪದೇಶ ಮದ್ದಾಗದು. ಅಂಥ ನೋವಿನಲ್ಲಿರುವ ತಾಯಂದಿರೇ, ಸಹಿಸಿಕೊಂಡು ಮೌನವಾಗಿರುವುದು ಸಂಸ್ಕಾರದ ಬೇಡಿಕೆಯಲ್ಲ. ನಂಬಿಕೆಯವರಲ್ಲಿ ಹೇಳಿಕೊಳ್ಳಿ, ಸಹಾಯ ಪಡೆಯಿರಿ. ಎರಡನೆಯದು, ನಾವಿಬ್ಬರು, ನಮ್ಮ ಮನೆ, ನಮ್ಮ ಸುಖ ಎಂದು ಬಾಗಿಲು ಹಾಕಿಕೊಂಡರೆ ಸಂತೋಷವೂ ನಿಂತ ನೀರಿನಂತೆ ಕೆಡುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಅಕ್ವಿಲ, ಪ್ರಿಸಿಲ್ಲ ಎಂಬ ದಂಪತಿಯನ್ನು ಕಾಣುತ್ತೇವೆ. ಡೇರೆ ಮಾಡುವುದು ಅವರ ಜೊತೆಗೆಲಸ. ಆ ಮನೆಗೆ ಸಂತ ಪೌಲರು ಬಂದು ಉಳಿದರು, ಅವರೊಡನೆಯೇ ದುಡಿದರು. ಮುಂದೆ ಆ ದಂಪತಿಯ ಮನೆಯಲ್ಲಿಯೇ ಸಭೆ ಸೇರಿತು. ನಿಮ್ಮ ಮೇಜಿನಲ್ಲಿಯೂ ಒಂದು ತಟ್ಟೆ ಹೆಚ್ಚಿರಲಿ. ಪಕ್ಕದ ಮನೆಯ ವಿಧವೆ, ಮಕ್ಕಳೆಲ್ಲ ವಿದೇಶದಲ್ಲಿರುವ ಮುದುಕರು, ಜಾತಿ ಮತ ನೋಡದೆ ನಿಮ್ಮ ಗದ್ದೆ ತೋಟಗಳಲ್ಲಿ ದುಡಿದ ಕೈಗಳು. ಇವರಿಗೂ ಆ ಸನ್ನಾದ ಬಿಸಿ ತಲುಪಲಿ.

ಪ್ರಿಯ ದಂಪತಿಗಳೇ, ಈ ವಾರ ಮೂರು ಕೆಲಸ ಮಾಡಿ. ದಿನಕ್ಕೆ ಒಂದು ಹೊತ್ತಾದರೂ ಟಿವಿ, ಮೊಬೈಲ್ ದೂರವಿಟ್ಟು ಮನೆಯವರೆಲ್ಲ ಒಟ್ಟಿಗೆ ಉಣ್ಣಿ; ತಕರಾರುಗಳು ಊಟ ಮುಗಿಯುವವರೆಗೆ ಕಾಯಲಿ. ವಾರದಲ್ಲಿ ಒಂದು ಗಂಟೆ ಇಬ್ಬರಿಗೂ ಇಷ್ಟವಾದ ಒಂದು ಕೆಲಸಕ್ಕೆ ಮೀಸಲಿಡಿ. ಭಾನುವಾರ ಒಂದು ಪಾತ್ರೆ ಅಡುಗೆಯನ್ನು ಒಬ್ಬಂಟಿಯೊಬ್ಬರ ಮನೆಗೆ ನೀವಿಬ್ಬರೂ ಸೇರಿ ಕೊಂಡೊಯ್ಯಿರಿ.

ಮದುವೆಯ ಮನೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮ. ನಿಮ್ಮ ಮನೆಯಲ್ಲಿ ಏನು ಮುಗಿಯುತ್ತಾ ಬಂದಿದೆ ಎಂಬುದನ್ನೂ ಅವರು ಬಲ್ಲರು. ಅವರು ಮಗನಿಗೆ ಹೇಳಲಿ; ನೀವು ಬಾನೆಗಳಿಗೆ ನೀರು ತುಂಬಿಸಿ. ಉಳಿದುದನ್ನು ಪ್ರಭು ಮಾಡುವರು. ಅವರ ಆಶೀರ್ವಾದ ನಿಮ್ಮ ಒಲೆ, ನಿಮ್ಮ ಮೇಜು, ನಿಮ್ಮಿಬ್ಬರ ಮೇಲೆ ಸದಾ ಇರಲಿ. ಆಮೆನ್.