ಊರಿಗೆ ಹೋದಾಗ ತೋರಿಸೋಣ

ಹಲ್ಲು, ಕನ್ನಡಕ, ಮಂಡಿನೋವು ಎಲ್ಲವನ್ನೂ ಊರಿಗೆ ಹೋದಾಗ ತೋರಿಸಿಕೊಳ್ಳುವುದು ಅಮೆರಿಕದಲ್ಲಿರುವ ನಮ್ಮಲ್ಲಿ ಅನೇಕರ ರೂಢಿ. ಅಲ್ಲಿ ಖರ್ಚು ಕಡಿಮೆ, ಮಾತು ನಮ್ಮದು, ಜೊತೆಗೆ ಬರಲು ಅಕ್ಕನೋ ಅತ್ತಿಗೆಯೋ ಇರುತ್ತಾರೆ. ರೂಟ್ ಕೆನಾಲ್ ಡಿಸೆಂಬರಿನವರೆಗೆ ಕಾದೀತು. ಎದೆಯಲ್ಲಿ ಕೈಗೆ ಸಿಕ್ಕ ಗಂಟನ್ನು ಹಾಗೆ ಕಾಯಿಸಬಾರದು. ನಾನು ಮ್ಯಾಮೋಗ್ರಾಮ್ ತೆಗೆಯುವ ಕೆಲಸದವಳು. ಯುಗಾದಿ ಊಟದ ಸಾಲಿನಿಂದ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದರೆ ವಿಷಯ ಇದೇ ಎಂದು ಗೊತ್ತಾಗಿಬಿಡುತ್ತದೆ. ಗಂಟು ಕಂಡು ಆಗಲೇ ತಿಂಗಳುಗಳಾಗಿರುತ್ತವೆ.

ಸಮಾಧಾನದ ಮಾತು ಮೊದಲು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅಮೆರಿಕದಲ್ಲಿ ಅನುಮಾನ ಬಂದು ಬಯಾಪ್ಸಿ ಮಾಡಿದವುಗಳಲ್ಲೂ ಐದರಲ್ಲಿ ನಾಲ್ಕರಷ್ಟು ಕ್ಯಾನ್ಸರ್ ಅಲ್ಲವೆಂದೇ ಬರುತ್ತವೆ. ಹದಿಹರೆಯದಿಂದ ಮೂವತ್ತರ ಆಸುಪಾಸಿನವರೆಗೆ ಸಾಮಾನ್ಯವಾಗಿ ಸಿಗುವುದು ಫೈಬ್ರೋಅಡಿನೋಮಾ. ಮುಟ್ಟಿದರೆ ನುಣುಪಾಗಿ ಜಾರುತ್ತದೆ. ನಲವತ್ತರ ಹೊತ್ತಿಗೆ ನೀರು ತುಂಬಿದ ಸಿಸ್ಟ್‌ಗಳು ಹೆಚ್ಚು. ಮುಟ್ಟಿಗೆ ಮುಂಚೆ ಎದೆ ಭಾರವಾಗಿ ಗಂಟುಗಂಟಾಗುವುದೂ ಉಂಟು; ಅಂಥದ್ದು ಒಂದು ಮುಟ್ಟು ಕಳೆಯುವುದರೊಳಗೆ ಇಳಿಯಬೇಕು. ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಮುಟ್ಟು ನಿಂತವರಿಗೆ ಈ ಕಾಯುವಿಕೆಯೂ ಬೇಡ. ಯಾವ ಗಂಟು ಯಾವುದೆಂದು ಬೆರಳಿನಿಂದ ಹೇಳಲಾಗದು. ಇಷ್ಟು ವರ್ಷ ಈ ಕೆಲಸದಲ್ಲಿರುವ ನನ್ನಿಂದಲೂ ಆಗದು.

"ನೋವೇನೂ ಇಲ್ಲ, ಅದಕ್ಕೇ ಸುಮ್ಮನಿದ್ದೆ" ಎನ್ನುವವರು ಬಹಳ. ಲೆಕ್ಕ ತಿರುಗಾಮುರುಗಾ ಆಗುವುದು ಇಲ್ಲಿಯೇ. ಬರೀ ನೋವು ಕ್ಯಾನ್ಸರಿನ ಲಕ್ಷಣವಾಗುವುದು ಅಪರೂಪ. ಗಟ್ಟಿಯಾಗಿ, ಅಂಚು ಸರಿಯಾಗಿ ಸಿಗದೆ, ಕದಲದೆ, ನೋಯದೆ ಕೂತ ಗಂಟನ್ನೇ ಬೇಗ ತೋರಿಸಬೇಕು. ಚರ್ಮ ಗುಳಿಬಿದ್ದು ಕಿತ್ತಳೆ ಸಿಪ್ಪೆಯಂತಾದರೆ, ತೊಟ್ಟು ಹೊಸದಾಗಿ ಒಳಸರಿದರೆ, ಅದರಿಂದ ರಕ್ತ ಬಂದರೆ, ಕಂಕುಳಲ್ಲಿ ಗಂಟು ಸಿಕ್ಕರೂ ಅಷ್ಟೇ. ಎದೆಹಾಲು ಕುಡಿಸುವವರಲ್ಲಿ ಹಾಲು ಕಟ್ಟಿ ಗಂಟಾಗುವುದು ಸಾಮಾನ್ಯ. ಆದರೆ ಆಂಟಿಬಯಾಟಿಕ್ ಮುಗಿದರೂ ಕೆಂಪು, ಬಾವು ಇಳಿಯದಿದ್ದರೆ ಮತ್ತೆ ಹೋಗಿ. ಅಲ್ಟ್ರಾಸೌಂಡಾಗಲಿ ಮ್ಯಾಮೋಗ್ರಾಮಾಗಲಿ ಮಾಡಿಸಿದ್ದಕ್ಕೆ ಹಾಲು ಬಿಡಿಸಬೇಕಿಲ್ಲ. ಗಂಡಸರು ಈ ಪುಟ ಮಗುಚಬೇಡಿ: ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬರು ನಿಮ್ಮವರೇ.

"ನನಗಿನ್ನೂ ನಲವತ್ತಾಗಿಲ್ಲವಲ್ಲ" ಎನ್ನುವುದು ಇನ್ನೊಂದು ನೆಪ. ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್, 40ರಿಂದ 74ರವರೆಗೆ ಎಂದು ಇಲ್ಲಿನ ತಜ್ಞ ಸಮಿತಿ 2024ರಲ್ಲಿ ಹೇಳಿದ್ದು ಏನೂ ತೊಂದರೆ ಇಲ್ಲದವರ ತಪಾಸಣೆಗೆ. ಗಂಟು ಸಿಕ್ಕವರಿಗೆ ವಯಸ್ಸಿನ ಮಿತಿಯಿಲ್ಲ. ಭಾರತದ ಹೆಂಗಸರಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸರಾಸರಿ ಸುಮಾರು ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ.

ಇಲ್ಲಿನ ವ್ಯವಸ್ಥೆಯದೊಂದು ಒಳಗುಟ್ಟಿದೆ. ಮಾಮೂಲಿ ತಪಾಸಣೆಗೆಂದು ಮಾಡುವ ಸ್ಕ್ರೀನಿಂಗ್ ಮ್ಯಾಮೋಗ್ರಾಮ್ ಬೇರೆ, ಗಂಟಿದೆ ಎಂದು ಮಾಡುವ ಡಯಾಗ್ನೊಸ್ಟಿಕ್ ಬೇರೆ. ಮೊದಲನೆಯದಕ್ಕೆ ಹೆಚ್ಚಿನ ಇನ್ಶೂರೆನ್ಸ್‌ಗಳಲ್ಲಿ ಕೈಯಿಂದ ಹಣ ಹೋಗದು. ಎರಡನೆಯದು ಎಷ್ಟೋ ಸಲ ಡಿಡಕ್ಟಿಬಲ್‌ಗೆ ಬೀಳುತ್ತದೆ. ಹಾಗಾಗಿ ಗಂಟಿನ ವಿಷಯ ಬಾಯಿಬಿಡದೆ ಪುಕ್ಕಟೆ ಮ್ಯಾಮೋಗ್ರಾಮ್ ಮಾಡಿಸಿಕೊಂಡು "ನಾರ್ಮಲ್" ಎಂಬ ಕಾಗದ ಹಿಡಿದು ನಿಶ್ಚಿಂತೆಯಾಗುವ ಜಾಣೆಯರಿದ್ದಾರೆ. ಈ ಜಾಣತನ ನನಗೆ ಹೆದರಿಕೆ ತರಿಸುತ್ತದೆ. ಸ್ಕ್ರೀನಿಂಗ್ ಮ್ಯಾಮೋಗ್ರಾಮ್ ಎಂಟರಲ್ಲಿ ಒಂದರಷ್ಟು ಕ್ಯಾನ್ಸರುಗಳನ್ನು ಕಾಣದೇ ಬಿಡುತ್ತದೆ. ಎದೆಯ ಅಂಗಾಂಶ ದಟ್ಟವಾಗಿದ್ದರೆ ಇನ್ನೂ ಹೆಚ್ಚು. ಗಂಟು ಇಂಥ ಕಡೆ ಎಂದು ತೋರಿಸಿದರೆ ಅಲ್ಲೊಂದು ಗುರುತು ಅಂಟಿಸಿ, ಆ ಜಾಗದ ಚಿತ್ರ ಬೇರೆಯಾಗಿ ತೆಗೆದು, ಅಲ್ಟ್ರಾಸೌಂಡನ್ನೂ ಮಾಡುತ್ತಾರೆ. ಮೂವತ್ತರ ಒಳಗಿನವರಿಗೆ ಅಲ್ಟ್ರಾಸೌಂಡೇ ಮೊದಲು. ಆದ್ದರಿಂದ ಅಪಾಯಿಂಟ್‌ಮೆಂಟ್ ಕೇಳುವಾಗಲೇ "ಗಂಟು ಸಿಕ್ಕಿದೆ, ಇಷ್ಟು ದಿನವಾಯಿತು" ಎಂದುಬಿಡಿ. ಆ ದಿನ ಕಂಕುಳಿಗೆ ಡಿಯೊಡರೆಂಟ್, ಪೌಡರ್ ಹಾಕಬೇಡಿ; ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಕಂಡು ಗೊಂದಲವಾಗುತ್ತದೆ.

ಸೂಜಿ ಚುಚ್ಚಿದರೆ ಹರಡುತ್ತದಂತೆ ಎಂದು ಊರಿನಿಂದ ದೊಡ್ಡಮ್ಮ ಫೋನ್ ಮಾಡಿದರೆ ಪ್ರೀತಿಯಿಂದ ಕೇಳಿಸಿಕೊಳ್ಳಿ, ಬಯಾಪ್ಸಿ ಮಾತ್ರ ಮಾಡಿಸಿಕೊಳ್ಳಿ. ಆ ಹೆದರಿಕೆಗೆ ಆಧಾರವಿಲ್ಲ.

ಊರಿಗೇ ಹೋಗಬೇಕಾದವರೂ ಇದ್ದಾರೆ: ಮಗಳ ಬಾಣಂತನಕ್ಕೆ ಬಂದ ಅಮ್ಮಂದಿರು. ತಮ್ಮ ಗಂಟಿನ ಸುದ್ದಿ ಎತ್ತಿದರೆ ಮಗುವಿಗೆ ಎರೆಯುವವರಾರು, ಅಳಿಯಂದಿರಿಗೆ ಖರ್ಚು ಬೇರೆ ಎಂದು ಸೆರಗಿನೊಳಗೇ ಇಟ್ಟುಕೊಂಡು ವೀಸಾದ ಆರು ತಿಂಗಳು ಮುಗಿಸುತ್ತಾರೆ. ಕೇಳದೆ ಅವರು ಹೇಳುವುದಿಲ್ಲ. ಬಂದ ವಾರವೇ ಮಗಳು ಕೇಳಬೇಕು. ವಿಸಿಟರ್ ಇನ್ಶೂರೆನ್ಸ್‌ಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಕಾಯಿಲೆಗೆ ಹಣ ಕೊಡುವುದಿಲ್ಲ. ಹಾಗಿದ್ದಾಗ ಟಿಕೆಟ್ ಮುಂಚಿನ ದಿನಕ್ಕೆ ಬದಲಿಸಿ ಅವರನ್ನು ಕಳಿಸುವುದೇ ಸರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೇರೆ ಆಸ್ಪತ್ರೆಗಳೂ ಇವೆ. ಇಲ್ಲಿ ಏನಾದರೂ ಪರೀಕ್ಷೆ ಆಗಿದ್ದರೆ ರಿಪೋರ್ಟು, ಚಿತ್ರಗಳ ಸಿಡಿ, ಬಯಾಪ್ಸಿ ಆಗಿದ್ದರೆ ಅದರ ಸ್ಲೈಡುಗಳನ್ನು ಕೇಳಿ ಪಡೆದುಕೊಳ್ಳಿ. ಅವನ್ನು ಸೂಟ್‌ಕೇಸಿಗೆ ಹಾಕದೆ ಅಮ್ಮನ ಕೈಚೀಲದಲ್ಲೇ ಇಟ್ಟು ಕಳಿಸಿ.