ತುತ್ತಿನ ಊರು ಯಾವುದು?



ಕಳೆದ ಶ್ರಾವಣದಲ್ಲಿ ಇದೇ ದೇವಿಕೊಪ್ಪದ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಪ್ರಸಾದಕ್ಕೆ ಇನ್ನೂ ಹೊತ್ತಿತ್ತು. ಚಹಾದ ಜೊತೆಗೆ ತಟ್ಟೆ ತುಂಬ ಬಿಸ್ಕತ್ತು ತಂದಿಟ್ಟರು. ಆ ಮನೆಯ ಆರನೆಯ ಇಯತ್ತೆಯ ಹುಡುಗಿ ನನ್ನ ಮಗ್ಗುಲಲ್ಲಿ ಕೂತು, ಖಾಲಿ ಪಾಕೀಟನ್ನು ಕಣ್ಣ ಹತ್ತಿರ ಹಿಡಿದು ಸಣ್ಣ ಅಕ್ಷರ ಓದತೊಡಗಿದಳು. ಮೈದಾ, ಸಕ್ಕರೆ, ಪಾಮ್ ಎಣ್ಣೆ, ಸ್ಟಾರ್ಚ್... ಅಷ್ಟಕ್ಕೆ ನಿಂತು ಕೇಳಿದಳು: "ಅಜ್ಜಾರ, ಸ್ಟಾರ್ಚ್ ಅಂದ್ರ ಏನ್ರಿ?"

ನನಗೆ ಗೊತ್ತಿರಲಿಲ್ಲ. ಅವಳ ಅಪ್ಪ ಹೇಳಿದ: "ನಮ್ಮ ಗೋವಿನಜೋಳ ಲಾರಿ ತುಂಬಿ ಹೊಕ್ಕತಲ್ಲ, ಅದರಾಗ ಮಾಡ್ತಾರ್ರಿ."

ಬಾಯಲ್ಲಿದ್ದ ಬಿಸ್ಕತ್ತು ಬಾಯಲ್ಲೇ ಉಳಿಯಿತು. ಕಲಘಟಗಿ ಸೀಮೆಯಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳ. ಬಿತ್ತುವವರು ನಾವು, ಕಳೆ ತೆಗೆಯುವವರು ನಾವು. ಹೋದ ಕಾಳು ಏನಾಗುತ್ತದೆ ಎಂದು ಮಾತ್ರ ಯಾರೂ ಕೇಳಿಲ್ಲ.

ಆಮೇಲೆ ಬಲ್ಲವರಿಂದ ತಿಳಿದುಕೊಂಡೆ. ಕಾರ್ಖಾನೆಯಲ್ಲಿ ಆ ಕಾಳನ್ನು ಗಂಧಕದ ಅನಿಲ ಕರಗಿದ ಬೆಚ್ಚನೆಯ ನೀರಿನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ಮೊಳಕೆಯ ಕಣ್ಣು, ಸಿಪ್ಪೆ, ಪ್ರೋಟೀನು ಎಲ್ಲವನ್ನೂ ಬೇರೆಬೇರೆ ಮಾಡುತ್ತಾರೆ. ಕಣ್ಣಿನಿಂದ ಎಣ್ಣೆ ತೆಗೆಯುತ್ತಾರೆ, ಸಿಪ್ಪೆ ಮತ್ತು ಪ್ರೋಟೀನು ದನ, ಕೋಳಿಗಳ ಮೇವಿಗೆ ಹೋಗುತ್ತವೆ. ಉಳಿದ ಬಿಳಿ ಹಿಟ್ಟೇ ಸ್ಟಾರ್ಚು. ಅದನ್ನೇ ಇನ್ನಷ್ಟು ಒಡೆದರೆ ಗ್ಲೂಕೋಸಿನ ಪಾಕ, ಅದು ಪೆಪ್ಪರಮಿಂಟಿಗೆ, ಐಸ್‌ಕ್ರೀಮಿಗೆ. ನಮ್ಮ ಹೊಲದ ಕಾಳು ಗುರುತು ಸಿಗದ ವೇಷದಲ್ಲಿ ನಮ್ಮೂರಿನ ಅಂಗಡಿಗೇ ಮರಳುತ್ತದೆ, ನಮ್ಮಿಂದಲೇ ದುಡ್ಡು ಕೊಡಿಸಿಕೊಳ್ಳುತ್ತದೆ.

ಎಣ್ಣೆಯ ಕಥೆಯೂ ಹೀಗೆಯೇ. ನವಲಗುಂದ, ಅಣ್ಣಿಗೇರಿಯ ಎರಿಹೊಲದಲ್ಲಿ ಬಿಳಿಜೋಳದ ಸುತ್ತ ಕುಸುಬಿ ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ. ಬೇಲಿಯೂ ಅದೇ, ಒಗ್ಗರಣೆಯ ಎಣ್ಣೆಯೂ ಅದೇ. ಈಗಿನ ರಿಫೈಂಡ್ ಎಣ್ಣೆಯ ಕಾಳಿನಿಂದ ಹೆಕ್ಸೇನ್ ಎಂಬ ಪೆಟ್ರೋಲಿನ ಬಳಗದ ದ್ರಾವಕದಲ್ಲಿ ಕೊನೆಯ ಹನಿಯನ್ನೂ ಎಳೆಯುವುದುಂಟು. ಆಮೇಲೆ ಒಂದು ಬಗೆಯ ಜೇಡಿಮಣ್ಣಿನಿಂದ ಅದರ ಬಣ್ಣ ತೆಗೆದು, 200 ಡಿಗ್ರಿಗೂ ಮೇಲಿನ ಶಾಖದಲ್ಲಿ ವಾಸನೆ ಕಳೆಯುತ್ತಾರೆ. ಪಾಮ್ ಎಣ್ಣೆಯಂತೂ ಬಹುಪಾಲು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. ಅದಕ್ಕಾಗಿ ಅಲ್ಲಿ ಎಷ್ಟೋ ಕಾಡು ಕಡಿದಿದ್ದಾರೆ. ಕಾಡಿನ ಅಂಚಿನಲ್ಲಿ ಬಾಳುವ ನಮಗೆ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ವಿಷವೆಂದು ಹೆದರಿಸಲು ನಾನು ಬಂದಿಲ್ಲ. ಕಾನೂನು ಒಪ್ಪಿದ ಪದ್ಧತಿಗಳೇ ಇವು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ 2024ರ ತಮ್ಮ ಮಾರ್ಗಸೂಚಿಯಲ್ಲಿ ಇಂಥ ಅತಿಯಾಗಿ ಸಂಸ್ಕರಿಸಿದ ತಿನಿಸು ಕಡಿಮೆ ಮಾಡಿರೆಂದೇ ಹೇಳಿದ್ದಾರೆ. ನನ್ನ ಸಂಕಟ ಅದಕ್ಕಿಂತ ಒಳಗಿನದು. ಲಿಂಗಕ್ಕೆ ಅರ್ಪಿಸಿ ಉಣ್ಣುವವರು ನಾವು. ಯಾರ ದುಡಿಮೆ, ಯಾವ ನೆಲ, ಯಾರ ನೋವು ಎಂದು ಅರಿಯದ ಪದಾರ್ಥವನ್ನು ಅಂಗೈಯಲ್ಲಿ ಹಿಡಿದು ಏನೆಂದು ಅರ್ಪಿಸಲಿ?

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಉದುರಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ, ಮೊದಲು ಉಡಿ ನೋಡಿದಳು, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ನಾವು ಈ ಕಥೆಯನ್ನು ಆಸೆ ಬೇಡವೆಂಬ ಪಾಠಕ್ಕಷ್ಟೇ ಹೇಳುತ್ತ ಬಂದಿದ್ದೇವೆ. ನನಗೀಗ ಬೇರೆ ಏನೋ ಕಾಣುತ್ತದೆ. ಆ ತಾಯಿ ಅಕ್ಕಿ ಎಲ್ಲಿಂದ ಬಂತೆಂದು ಕೇಳದೆ ಎಸರಿಡಲಿಲ್ಲ.

ನಸುಕಿಗೆ ಎದ್ದು ಆಳಿಗೆ ಹೋಗುವ ತಾಯಿ ಕೂಸಿನ ಕೈಗೆ ಐದು ರೂಪಾಯಿ ಪಾಕೀಟು ಕೊಟ್ಟರೆ ನಾನು ಅವಳನ್ನು ಅನ್ನಲಾರೆ. ಸಾವಿ, ನವಣಿಯಂಥ ಕಿರುಧಾನ್ಯ ನಮ್ಮ ಮನೆಗಳಿಂದ ಹೋದದ್ದು ಸೋಮಾರಿತನದಿಂದಲ್ಲ. ಅವುಗಳ ಹೊಟ್ಟು ಬಿಡಿಸಲು ಒನಕೆ ಹಿಡಿದು ನಮ್ಮವ್ವಂದಿರ ರಟ್ಟೆ ಬಿದ್ದುಹೋಗಿದ್ದವು. ಅದನ್ನು ಮರೆತು ಹಳೆಯದೇ ಚಂದ ಎನ್ನುವುದು ಗಂಡಸರ ಮಾತು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ತಾಯಂದಿರು ಇದನ್ನು ಸರಿಯಾಗಿ ಹಿಡಿದರು. ದೇಶಿ ಬೀಜ ಕೂಡಿಟ್ಟು ಹಂಚಿದರು, ಹೊಟ್ಟು ಬಿಡಿಸುವ ಯಂತ್ರವನ್ನು ತಾವೇ ನಡೆಸುತ್ತಿದ್ದಾರೆ. 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನಮ್ಮದೇ ಜಿಲ್ಲೆಯವರು. ಹೋಗಿ ಅವರಿಂದ ಕಲಿತು ಬರೋಣ.

ನಾನು ಬಿಸ್ಕತ್ತು ಬಿಟ್ಟು ವರ್ಷವಾಯಿತು. ಸುಲಭವಾಗಲಿಲ್ಲ, ಚಹಾದ ಹೊತ್ತಿಗೆ ಕೈ ತಟ್ಟೆ ಹುಡುಕುತ್ತಿತ್ತು. ಈಗ ಹುರಿದ ಶೇಂಗಾ, ಬೆಲ್ಲ.

ಈ ಶ್ರಾವಣದ ಸೋಮವಾರಗಳ ದಾಸೋಹಕ್ಕೆ ಪೇಟೆಯ ಚೀಲ ಬೇಡವೆಂದು ಕೇಳಿಕೊಂಡಿದ್ದೇನೆ. ನಿಮ್ಮ ಹೊಲದ್ದು ಒಂದು ಸೇರು ತನ್ನಿ, ಇಲ್ಲದವರು ಬರಿಗೈಯಲ್ಲೇ ಬಂದು ಉಣ್ಣಿ. ಮೊನ್ನೆಯೇ ಮುದುಕಿಯೊಬ್ಬಳು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟಿದ್ದ ಸಾವಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ಇದ ಬೀಜದ್ದ್ರಿ ಅಜ್ಜಾರ, ಉಣ್ಣಾಕಲ್ಲ, ಬಿತ್ತಾಕ" ಎಂದಳು. ಪಡಸಾಲೆಯ ಗೋಡೆಗೆ ಒಂದು ಕರಿಹಲಗೆ ನಿಲ್ಲಿಸಿದ್ದೇವೆ. ಯಾವ ಕಾಳು ಯಾರ ಹೊಲದಿಂದ ಬಂತೆಂದು ಅದರ ಮೇಲೆ ಬರೆಯುವ ಕೆಲಸ, ಪಾಕೀಟು ಓದಿದ ಆ ಹುಡುಗಿಯದು.